ಮದರ್ ವೆರೋನಿಕಾ ಹೆಸರಿನಲ್ಲಿ ಒಂಬತ್ತು ದಿನ

ನವೆಂಬರ್ 16 ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರದವರಿಗೆ, ಅಂದರೆ ಇಲ್ಲಿನ ಧರ್ಮಾಧ್ಯಕ್ಷರ (ಬಿಷಪ್) ಆಡಳಿತಕ್ಕೆ ಸೇರಿದವರಿಗೆ, ಎರಡು ಕಾರಣಕ್ಕೆ ನೆನಪಿನ ದಿನ. 1963ರಲ್ಲಿ ಆ ತಾರೀಕಿನಂದೇ ಮೈಸೂರಿನಿಂದ ಬೇರೆಯಾಗಿ ನಮ್ಮ ಧರ್ಮಕ್ಷೇತ್ರ ಹುಟ್ಟಿತು. ಹಾಸನ ಜಿಲ್ಲೆಯೂ ಅದರೊಳಗೇ ಬರುತ್ತದೆ. 1906ರ ಅದೇ ತಾರೀಕು ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠದಲ್ಲಿ, ಅಂದರೆ ಮೌನ ಪ್ರಾರ್ಥನೆಗೆ ಮುಡಿಪಾದ ಸನ್ಯಾಸಿನಿಯರ ಮಠದಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಎಂಬ ಸಿಸ್ಟರ್‌ಗಳ ಸಭೆ ಕಟ್ಟಿದ ಮದರ್ ವೆರೋನಿಕಾ ತೀರಿಕೊಂಡರು. ಆ ಸಭೆ ನಡೆಸುವ ಮಂಗಳೂರಿನ ಸೇಂಟ್ ಆನ್ಸ್, ಸೇಂಟ್ ಆಗ್ನೆಸ್‌ಗಳಲ್ಲಿ ಓದಿ, ಮದುವೆಯಾಗಿ ಘಟ್ಟ ಹತ್ತಿ ಬಂದ ಹೆಂಗಸರಿರುವ ಮನೆಗಳಲ್ಲಿ ಈ ಹೆಸರು ಹೊಸದೇನಲ್ಲ. ಅವರ ಹೆಸರಿನಲ್ಲಿ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮಾಡುವುದು ಹೇಗೆಂಬುದೇ ಇಲ್ಲಿನ ಮಾತು.

ಅವರು ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಆಗಿನ ಹೆಸರು ಸೋಫಿ ಲೀವ್ಸ್. ತಂದೆ ಆಂಗ್ಲಿಕನ್ ಪಾದ್ರಿ. 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಸಭೆಗೆ ಸೇರಿದರು, ಮರುವರ್ಷ ಸಂತ ಜೋಸೆಫರ ಸಿಸ್ಟರ್‌ಗಳ ಮಠ ಹೊಕ್ಕರು, 1862ರಲ್ಲಿ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳ ಶಾಲೆ ನೋಡಿಕೊಂಡರು. ಕಾರ್ಮೆಲಿನ ಮೌನ ಪ್ರಾರ್ಥನೆಯೂ ಶಾಲೆಯ ಪಾಠವೂ ಒಂದೇ ಬದುಕಿನಲ್ಲಿ ಕೂಡಬೇಕು ಎಂಬುದು ಅವರ ಹಂಬಲ. 1868ರಲ್ಲಿ ಫ್ರಾನ್ಸಿನ ಬಯೋನ್ ಊರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಆರಂಭವಾಯಿತು. ಅಲ್ಲಿ ತಯಾರಾದ ಸಿಸ್ಟರ್‌ಗಳು 1870ರ ನವೆಂಬರ್ 19ರಂದು ಮಂಗಳೂರು ಮುಟ್ಟಿದರು. ಸ್ಥಾಪಕಿಯೇ ಅವರ ಜೊತೆಯಲ್ಲಿರಲಿಲ್ಲ. ತಾನು ಕಟ್ಟಿದ ಸಭೆ ಮಂಗಳೂರಿನಲ್ಲಿ ಬೇರೂರುತ್ತಿದ್ದಾಗ ಅವರು ಪೋ ಮಠದ ಗೋಡೆಯೊಳಗೆ ಮರಳಿದ್ದರು. ಹೆಸರು ಮಾಡುವ ಆಸೆಯಿದ್ದವರು ಹಿಡಿಯುವ ದಾರಿ ಇದಲ್ಲ. ಇನ್ನೊಂದು ಸಂಗತಿಯನ್ನಂತೂ ಶಿಕ್ಷಕರಾದವರು ಓದಲೇಬೇಕು. ಇದಕ್ಕೂ ಮುಂಚೆ, ಫ್ರಾನ್ಸಿನ ಮಾರ್ಸೇಯಲ್ಲಿ, ಸಂತ ಜೋಸೆಫರ ಸಿಸ್ಟರ್‌ಗಳ ಮಠದಲ್ಲಿ ಅವರ ಕೈಕೆಳಗೆ ಗಲಿಲೇಯದ ಮರಿಯಂ ಎಂಬ ಹುಡುಗಿಯಿದ್ದಳು. ಓದುಬರಹ ಅಷ್ಟಕ್ಕಷ್ಟೇ. ನಮಗೆ ಹೊಂದಿಕೆಯಾಗುವವಳಲ್ಲ ಎಂದು ಮಠ ಅವಳನ್ನು ಕೈಬಿಟ್ಟಿತು. ಮದರ್ ವೆರೋನಿಕಾ 1867ರಲ್ಲಿ ಅವಳನ್ನು ತಮ್ಮೊಡನೆ ಪೋ ಕಾರ್ಮೆಲಿಗೆ ಕರೆದೊಯ್ದರು. ಮುಂದೆ ಆಕೆ ಮಂಗಳೂರಿಗೂ ಬಂದು, 1871ರ ನವೆಂಬರ್ 21ರಂದು ಅಲ್ಲೇ ಸನ್ಯಾಸಿನಿಯ ವ್ರತವಚನ ಕೊಟ್ಟರು. 2015ರಲ್ಲಿ ಸಂತರೆಂದು ಘೋಷಿತರಾದರು. ಶಿಷ್ಯೆ ಸಂತಳಾದ ಮೇಲೂ ಗುರು ಇನ್ನೂ ‘ಪೂಜ್ಯ’ರ ಹಂತದಲ್ಲೇ ಇದ್ದಾರೆ; ಅದಾದ ಮೇಲೆ ‘ಧನ್ಯ’, ಕೊನೆಗೆ ‘ಸಂತ’. ಅವರನ್ನು ಪೂಜ್ಯರೆಂದು ಘೋಷಿಸಿದ್ದು 2014ರ ಜುಲೈಯಲ್ಲಿ.

ಅವರ ಹೆಸರಿನ ನವೇನ ಮಾಡುವವರು ಈ ‘ಪೂಜ್ಯ’ ಎಂಬ ಹಂತವನ್ನು ಮರೆಯಬಾರದು. ಎಡವುವುದೆಲ್ಲ ಇಲ್ಲೇ.

ಮೊದಲು ದಿನದ ಲೆಕ್ಕ. 16ನೇ ತಾರೀಕು ಒಂಬತ್ತನೇ ದಿನವಲ್ಲ, ನವೇನ ಮುಗಿದ ಮರುದಿನ. ಹಾಗಾಗಿ ಶುರು 7ಕ್ಕೆ, ಮುಗಿಯುವುದು 15ಕ್ಕೆ. 8ರಂದು ಹಿಡಿದರೆ ಕೊನೆಯ ಪ್ರಾರ್ಥನೆ ನೆನಪಿನ ದಿನದ ಮೇಲೇ ಬಿದ್ದು ಎರಡೂ ಅರೆಬರೆಯಾಗುತ್ತವೆ. ಹೊತ್ತು ಕೂಡ ಊರು ನೋಡಿ ಇಡಬೇಕು. ಪೇಟೆಯ ಧರ್ಮಕೇಂದ್ರಗಳಲ್ಲಿ (ಚರ್ಚುಗಳಲ್ಲಿ) ಸಂಜೆ ಆರೂವರೆ ನಡೆದೀತು. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ನಡೆಯದು. ನವೆಂಬರಿನಲ್ಲಿ ಆರಕ್ಕೆಲ್ಲ ಕತ್ತಲು, ಆನೆ ಎಲ್ಲಿದೆಯೋ ಗೊತ್ತಿಲ್ಲ. ಕೆಲಸ ಬಿಟ್ಟವರು ಕೈಕಾಲು ತೊಳೆದು ಬಂದ ಕೂಡಲೇ ಐದಕ್ಕೆ ಶುರುಮಾಡಿ ಐದೂವರೆಯೊಳಗೆ ಮುಗಿಸಿದರೆ ಎಲ್ಲರೂ ಬೆಳಕಿನಲ್ಲೇ ಮನೆ ಸೇರುತ್ತಾರೆ. ಅರಣ್ಯ ಇಲಾಖೆಯ ಎಚ್ಚರಿಕೆ ಬಂದ ದಿನ ಅವರವರ ಮನೆಯಲ್ಲೇ ಪ್ರಾರ್ಥಿಸಿದರಾಯಿತು, ನವೇನ ಮುರಿಯಿತೆಂದು ಯಾರೂ ಹೆದರಬೇಕಿಲ್ಲ.

ಚಿತ್ರದ ವಿಷಯ ಇನ್ನೂ ಸೂಕ್ಷ್ಮ. ತೀರಿಹೋದ ಹಿರಿಯರ ಫೋಟೋಕ್ಕೆ ಗಂಧದ ಹಾರ ಹಾಕಿ ಮುಂದೆ ದೀಪವಿಡುವುದು ನಮ್ಮ ಕಡೆ ಎಲ್ಲ ಮನೆಯ ರೂಢಿ. ಅದೇ ಪ್ರೀತಿಯಲ್ಲಿ ಮದರ್ ಚಿತ್ರವನ್ನು ದೇವಾಲಯದ ಬಲಿಪೀಠದ ಬಳಿ ಇಟ್ಟು ಮೇಣದಬತ್ತಿ ಹಚ್ಚಿಬಿಡುತ್ತಾರೆ. ಹಾಗೆ ಮಾಡುವಂತಿಲ್ಲ. ಧನ್ಯರೆಂದು ಘೋಷಣೆಯಾಗುವ ತನಕ ಯಾರಿಗೂ ಬಹಿರಂಗ ಆರಾಧನೆ ಸಲ್ಲಬಾರದು ಎಂಬುದು ಎಂಟನೇ ಅರ್ಬನ್ ಪೋಪರು 1634ರಲ್ಲಿ ಬಿಗಿಗೊಳಿಸಿದ ಕಟ್ಟಳೆ. ಅಂಥ ಆರಾಧನೆ ನಡೆದಿಲ್ಲವೆಂದು, ಆ ವ್ಯಕ್ತಿಯನ್ನು ಧನ್ಯರೆನ್ನಬಹುದೇ ಎಂಬ ವಿಚಾರಣೆಯಲ್ಲಿ ಧರ್ಮಾಧ್ಯಕ್ಷರೇ ಪರಿಶೀಲಿಸಿ ಹೇಳಬೇಕು. ಮದರ್ ವೆರೋನಿಕಾ ಆ ಹಂತ ದಾಟಿದ್ದಾರೆ, ಆದರೆ ಕಟ್ಟಳೆ ಇನ್ನೂ ಉಳಿದಿದೆ. ಆದ್ದರಿಂದ ಚಿತ್ರ ಬೇಕಿದ್ದರೆ ಪಕ್ಕದ ಸಣ್ಣ ಮೇಜಿನ ಮೇಲಿರಲಿ, ತಲೆಯ ಸುತ್ತ ಪ್ರಭೆ ಬರೆಸಬೇಡಿ, ಬತ್ತಿಯನ್ನು ಶಿಲುಬೆಯ ಮುಂದೆ ಹಚ್ಚಿ. ಮೆರವಣಿಗೆಯಲ್ಲಿ ಹೊರುವುದಂತೂ ಬೇಡವೇ ಬೇಡ. ಬ್ಯಾನರ್ ಅಂಗಡಿಯವರು ಕೇಳದೆಯೇ ಚಿನ್ನದ ವೃತ್ತ ಸೇರಿಸಿಬಿಡುತ್ತಾರೆ, ಅಚ್ಚಿಗೆ ಮುಂಚೆ ಒಮ್ಮೆ ಕಣ್ಣಾಡಿಸಿ. 16ರ ಬಲಿಪೂಜೆಯೂ (ಮಾಸ್) ‘ಮದರ್ ವೆರೋನಿಕಾ ಗೌರವಾರ್ಥ’ ಆಗದು. ಆ ದಿನದ ಪೂಜೆಯನ್ನೇ ಅರ್ಪಿಸಿ, ಅವರು ಧನ್ಯರಾಗಲಿ ಎಂಬುದನ್ನು ಕೋರಿಕೆಯಾಗಿ ಸೇರಿಸಬಹುದು. ಮನೆಯೊಳಗಿನ ಖಾಸಗಿ ಪ್ರಾರ್ಥನೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಪ್ರಾರ್ಥನೆ ಅರ್ಧ ಗಂಟೆ ಮೀರದಿದ್ದರೆ ಒಳ್ಳೆಯದು. ಶಿಲುಬೆ ಗುರುತು, ಒಂದು ಹಾಡು, ಬೈಬಲಿನಿಂದ ಆರೇಳು ವಚನ, ಮೂರು ನಿಮಿಷ ಮೌನ, ಜಪಮಾಲೆಯ ಒಂದು ದಶಕ ಎಂದರೆ ಪರಲೋಕ ಮಂತ್ರವೊಂದು, ನಮೋ ಮರಿಯಾ ಹತ್ತು, ಪಿತನಿಗೂ ಸುತನಿಗೂ ಒಂದು. ಆಮೇಲೆ ಧರ್ಮಾಧ್ಯಕ್ಷರ ಒಪ್ಪಿಗೆಯಿಂದ ಅಚ್ಚಾದ ಪ್ರಾರ್ಥನೆ, ಅದನ್ನು ಇದ್ದ ಹಾಗೇ ಓದಬೇಕು. ಸಾಲು ಸೇರಿಸಿ ‘ಸಂತ ವೆರೋನಿಕಾ’ ಎಂದು ಓದಿದರೆ ಶಿಲುಬೆಯ ದಾರಿಯ ಆರನೇ ಸ್ಥಳದ ವೆರೋನಿಕಾರೊಡನೆ ಬೆರೆತುಹೋಗುತ್ತದೆ. ಜನ ಮೊದಲು ಕತ್ತರಿಸುವುದು ಆ ಮೂರು ನಿಮಿಷದ ಮೌನವನ್ನೇ. ಕಾರ್ಮೆಲಿನವರಿಗೆ ಉಳಿದದ್ದೆಲ್ಲ ಅದರ ಸುತ್ತಲಿನದು, ಹಾಡು ಬೇಕಾದರೆ ಒಂದು ಚರಣ ಕಡಿಮೆಯಾಗಲಿ.

ವಾಚನಕ್ಕೆ ಅವರ ಬದುಕೇ ದಾರಿ ತೋರಿಸುತ್ತದೆ. ತಾಯ್ನೆಲ ಬಿಟ್ಟದ್ದಕ್ಕೆ ಆದಿಕಾಂಡದ 12ನೇ ಅಧ್ಯಾಯದ ಮೊದಲ ನಾಲ್ಕು ವಚನ. ಕಾರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯನ ಸೇವಕ ಕಂಡ, ಅಂಗೈಯಷ್ಟೇ ಇದ್ದ ಮೋಡಕ್ಕೆ ಅರಸುಗಳ ಮೊದಲ ಗ್ರಂಥದ 18ನೇ ಅಧ್ಯಾಯ. ಕಟ್ಟಿದ್ದನ್ನು ಬಿಟ್ಟುಕೊಟ್ಟದ್ದಕ್ಕೆ ಯೊವಾನ್ನ 12:24ರ ಗೋದಿಕಾಳು. 14ನೇ ತಾರೀಕು, ಅಂದರೆ ಎಂಟನೇ ದಿನ, ಮಕ್ಕಳ ದಿನಾಚರಣೆಯೂ ಹೌದು. ಅಂದು ಮತ್ತಾಯ 18:1–5 ಓದುವುದನ್ನೂ ದಶಕ ನಡೆಸುವುದನ್ನೂ ಮಕ್ಕಳಿಗೇ ಬಿಡಿ. ತೊದಲಿದವರನ್ನು ನಡುವೆ ತಿದ್ದಬೇಡಿ. ಕಲಿಸುವುದಕ್ಕೇ ಬದುಕು ಕೊಟ್ಟವರ ನವೇನದಲ್ಲಿ ಮಗುವಿಗೆ ಅವಮಾನವಾದರೆ ಆ ದಿನ ವ್ಯರ್ಥ.

ಇನ್ನು ಹರಕೆ. ಹರಕೆ ದೇವರಿಗೆ ಕೊಡುವ ಮಾತು, ಸಂತರಿಗಲ್ಲ. ನಮ್ಮ ಕೈಲಾಗುವಂಥದ್ದೂ ಒಳ್ಳೆಯದೂ ಆಗಿರಬೇಕು. ಕೊಟ್ಟವರನ್ನಷ್ಟೇ ಕಟ್ಟುತ್ತದೆ. ‘ಗಂಡನ ಕಾಯಿಲೆ ವಾಸಿಯಾದರೆ ಮಗಳನ್ನು ಕಾನ್ವೆಂಟಿಗೆ ಕೊಡ್ತೀನಿ’ ಎಂದ ತಾಯಿಯ ಮಾತು ಮಗಳ ಮೇಲೆ ಹರಕೆಯಾಗಿ ನಿಲ್ಲುವುದಿಲ್ಲ, ಹಾಗೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಆವೇಶದಲ್ಲಿ ಹೊತ್ತ ಹರಕೆ ತೀರಿಸಲಾಗದೆ ಒದ್ದಾಡುವವರು ಧರ್ಮಕೇಂದ್ರದ ಗುರುಗಳ ಹತ್ತಿರ ಹೋಗಲಿ. ತಕ್ಕ ಕಾರಣವಿದ್ದರೆ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ. ಈ ನವೇನಕ್ಕೆ ಒಪ್ಪುವ ಹರಕೆ ಯಾವುದೆಂದರೆ ತೋಟದ ಲೈನಿನ ಒಬ್ಬ ಹುಡುಗಿಯ ಒಂದು ವರ್ಷದ ನೋಟ್‌ಬುಕ್ಕು, ಬಸ್ ಪಾಸು, ಅಥವಾ ವಾರಕ್ಕೆ ಎರಡು ಸಂಜೆ ಕೂತು ಲೆಕ್ಕ ಹೇಳಿಕೊಡುವುದು. ದೊಡ್ಡ ಮೇಣದಬತ್ತಿಗಿಂತ ಕಷ್ಟದ್ದು, ನಿಜ.

ಕಾಯಿಲೆಗಾಗಿ ಪ್ರಾರ್ಥಿಸುವವರು ಇನ್ನಷ್ಟು ಎಚ್ಚರವಾಗಿರಬೇಕು. ಧನ್ಯರಾಗಲು ಒಂದು ಪವಾಡ ಬೇಕು, ಸಂತರಾಗಲು ಆಮೇಲೆ ಮತ್ತೊಂದು. ವಾಸಿಯಾದದ್ದು ತಟಕ್ಕನೆ, ಪೂರ್ತಿಯಾಗಿ, ಮರುಕಳಿಸದಂತೆ ಆಗಿರಬೇಕು, ವೈದ್ಯಶಾಸ್ತ್ರಕ್ಕೆ ವಿವರಣೆ ಸಿಗಬಾರದು. ಏಳು ಜನರ ವೈದ್ಯ ಮಂಡಳಿಯಲ್ಲಿ ಕನಿಷ್ಠ ಐವರು ಒಪ್ಪಬೇಕು. ನಮ್ಮವರು ಸೋಲುವುದು ಎರಡು ಕಡೆ. ಒಂದೇ ಉಸಿರಿಗೆ ವೇಲಾಂಕಣಿ ಮಾತೆ, ಸಂತ ಅಂತೋನಿ, ಮದರ್ ವೆರೋನಿಕಾ ಎಲ್ಲರನ್ನೂ ಕರೆದರೆ ಯಾರ ಬಿನ್ನಹದಿಂದ ಆಯಿತೆಂದು ಹೇಳಲಾಗದು. ಇನ್ನೊಂದು, ಗುಣವಾದ ಖುಷಿಯಲ್ಲಿ ಹಳೆಯ ಸ್ಕ್ಯಾನು, ಬಯಾಪ್ಸಿ ವರದಿಗಳನ್ನು ಎಸೆದುಬಿಡುವುದು. ಮುಂಚಿನ ಕಾಗದವಿಲ್ಲದೆ ಆಮೇಲಿನ ಕಾಗದಕ್ಕೆ ಬೆಲೆಯಿಲ್ಲ. ಔಷಧಿಯನ್ನಂತೂ ನಿಲ್ಲಿಸಲೇಬಾರದು, ಅದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವ ಕೆಲಸ.

ಪ್ರಾರ್ಥನೆ ಶುರುವಾದ ತಾರೀಕು, ಪ್ರಾರ್ಥಿಸಿದವರ ಹೆಸರು, ರೋಗಿಯ ವಯಸ್ಸು, ವೈದ್ಯರು ಹೇಳಿದ್ದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿ ಮನೆಯಲ್ಲಿಟ್ಟು, ಇನ್ನೊಂದನ್ನು ಗುರುಗಳಿಗೋ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳಿಗೋ ಕೊಡಿ. ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು, ಮುನಿದಿದ್ದ ಅಣ್ಣ ಮನೆಗೆ ಬಂದ ಎಂಬಂಥವನ್ನೂ ಎರಡು ಸಾಲಿನಲ್ಲಿ ಬರೆಯಬಹುದು. ಅವು ಪವಾಡದ ಕಡತಕ್ಕೆ ಸೇರುವುದಿಲ್ಲ, ಆದರೆ ಜನ ಇನ್ನೂ ಮದರ್ ಹೆಸರು ಹಿಡಿದು ಬೇಡುತ್ತಿದ್ದಾರೆ ಎನ್ನುವುದಕ್ಕೆ ಸಾಕ್ಷಿಯಾಗುತ್ತವೆ.