ಸಂಗಮದವರೆಗೆ ಪುಟ್ಟ ಸೈಕಲ್: ಶ್ರೀರಂಗಪಟ್ಟಣಕ್ಕೆ ಮಕ್ಕಳೊಂದಿಗೆ ಹೊರಡುವವರಿಗೆ

ಆರೇಳು ವರ್ಷದ ಮಗುವನ್ನು ಮನೆಬೀದಿ ದಾಟಿಸಿ ಮೊದಲ ಸಲ ದೂರ ಸೈಕಲ್ ಹೊಡೆಸಬೇಕೆಂದರೆ ಮೈಸೂರಿನ ಆಸುಪಾಸಿನಲ್ಲಿ ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದಷ್ಟು ಅನುಕೂಲದ ಜಾಗ ಸಿಗುವುದು ಕಷ್ಟ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಿಂದ ಗಂಜಾಂ ಊರು ಹಾದು ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಅಲ್ಲಿಂದ ಸಂಗಮ. ಹೋಗಿಬರಲು ಸುಮಾರು 7–8 ಕಿಲೋಮೀಟರ್, ನಿಮಿಷಾಂಬ ದೇವಸ್ಥಾನಕ್ಕೂ ತಿರುಗಿದರೆ 10ರ ಹತ್ತಿರ. ದೊಡ್ಡ ಏರುಗಳಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸ್ವಲ್ಪ ದೂರಕ್ಕೊಮ್ಮೆ ಇಳಿದು ನೋಡಲು ಏನಾದರೂ ಇದೆ. ಮಕ್ಕಳಿಗೆ ಕಾಲು ಸೋಲುವ ಮೊದಲೇ ಬೇಜಾರು ಬರುತ್ತದೆ. ಹಾಗಾಗಿ ಕಿಲೋಮೀಟರ್ ಲೆಕ್ಕ ನಿಮ್ಮಲ್ಲೇ ಇರಲಿ, ಮಗುವಿಗೆ ಮುಂದಿನ ನಿಲ್ದಾಣ ಯಾವುದೆಂದಷ್ಟೇ ಹೇಳಿ.

ಕೋಟೆ, ರಂಗನಾಥಸ್ವಾಮಿ ದೇವಸ್ಥಾನ ಎರಡೂ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಪಶ್ಚಿಮಕ್ಕಿವೆ. ಆ ರಸ್ತೆ ದಾಟುವುದೇ ಇಡೀ ದಾರಿಯ ಅಪಾಯದ ಜಾಗ. ಎಂಟು ವರ್ಷದ ಒಳಗಿನವರಾದರೆ ಕೋಟೆಯನ್ನು ಕಾರಿನಲ್ಲೇ ನೋಡಿ ಮುಗಿಸಿ, ಸೈಕಲ್‌ಗಳನ್ನು ದರಿಯಾ ದೌಲತ್ ಹತ್ತಿರ ಇಳಿಸಿಕೊಳ್ಳಿ. ದೊಡ್ಡ ಮಕ್ಕಳಿದ್ದರೂ ಅಲ್ಲಿ ಇಳಿದು, ತಳ್ಳಿಕೊಂಡೇ ದಾಟಿ. ಹೊಸ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ, ಮೈಸೂರಿನಿಂದ ತುಳಿದುಕೊಂಡೇ ಬರುವ ದೊಡ್ಡವರಿಗೂ ಅದು ಗೊತ್ತಿರಲಿ.

ಹೊರಡುವ ಮುಂಚೆ ಸೈಕಲ್ ಕಡೆ ಗಮನ ಕೊಡಿ. ಅರ್ಧ ತೊಂದರೆ ಇರುವುದೇ ಅಲ್ಲಿ. ನಮ್ಮಲ್ಲಿ ಸಿಗುವ ಕಬ್ಬಿಣದ 16 ಇಂಚಿನ ಸೈಕಲ್ 10 ಕೆಜಿಗೂ ಹೆಚ್ಚು ತೂಗುವುದುಂಟು, ಓಡಿಸುವ ಮಗುವಿನ ತೂಕ 20 ಕೆಜಿ. ಮುಂದಿನ ಬುಟ್ಟಿ, ಕ್ಯಾರಿಯರ್, ಗೊಂಬೆ, ಜಾಲರಿ ಎಲ್ಲ ಬಿಚ್ಚಿಡಿ. ಬೆಲ್ ಮತ್ತು ಚೈನ್ ಕವರ್ ಇರಲಿ. ಪಕ್ಕದ ಪುಟ್ಟ ಚಕ್ರಗಳು ಇನ್ನೂ ಬೇಕಿದ್ದರೆ ಈ ಸವಾರಿಗೆ ಸಮಯ ಬಂದಿಲ್ಲ ಎಂದೇ ಅರ್ಥ, ತಿರುವಿನಲ್ಲಿ ಅವು ಸೈಕಲ್ ವಾಲಲು ಬಿಡುವುದಿಲ್ಲ.

ಕಲಿಯುವಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತೆ ಸೀಟು ಇಟ್ಟಿರುತ್ತೀರಿ. ದೂರಕ್ಕೆ ಅದು ಆಗದು. ಮಂಡಿ ಎದೆಯವರೆಗೆ ಎದ್ದು ತೊಡೆ ಬೇಗ ನೋಯುತ್ತದೆ. ಕೂತಾಗ ತುದಿಗಾಲು ಮಾತ್ರ ನೆಲಕ್ಕೆ ತಾಗಬೇಕು, ಪೆಡಲ್ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಇದನ್ನು ಹೊರಡುವ ದಿನ ಬೆಳಿಗ್ಗೆ ಮಾಡಬೇಡಿ. ಮೂರು ನಾಲ್ಕು ವಾರ ಮುಂಚಿನಿಂದ 1 ಸೆಂಟಿಮೀಟರ್‌ನಂತೆ ಏರಿಸುತ್ತಾ ಬನ್ನಿ. ಬ್ರೇಕ್ ಲಿವರ್ ಕೈಗೆ ಎಟುಕದಿದ್ದರೆ ಅದರ ಬುಡದಲ್ಲಿರುವ ಪುಟ್ಟ ಸ್ಕ್ರೂ ತಿರುಗಿಸಿ ಹ್ಯಾಂಡಲ್ ಕಡೆಗೆ ತನ್ನಿ. ಆ ಸ್ಕ್ರೂ ಇಲ್ಲದ ಮಾಡೆಲ್ಲುಗಳೂ ಇವೆ, ಖರೀದಿಸುವಾಗಲೇ ನೋಡಿಕೊಳ್ಳಬೇಕು. ಟೈರಿನ ಪಕ್ಕದಲ್ಲಿ ಬರೆದಿರುವಷ್ಟು ಗಾಳಿ ತುಂಬಿಸಿ. ಹೆಬ್ಬೆರಳಲ್ಲಿ ಒತ್ತಿ ಸಾಕೆನ್ನುವ ಅಭ್ಯಾಸದಿಂದಲೇ ಮಗು ಗಾಳಿ ಕಡಿಮೆಯಿರುವ ಟೈರು ತುಳಿದು ಸುಸ್ತಾಗುವುದು.

ಇನ್ನು ವೇಗದ ಮಾತು. 16 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.25 ಮೀಟರ್ ಸಾಗುತ್ತದೆ. ಮುಂದೆ 28 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ 2.2 ಮೀಟರ್. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಮಗು ನಿಮಿಷಕ್ಕೆ 60 ಸುತ್ತು ತುಳಿಯುತ್ತದೆ. ನೀವು 12ಕ್ಕೆ ಏರಿಸಿದರೆ ಅದು 90 ಸುತ್ತು. ಗೇರ್ ಸೈಕಲ್ ಮೇಲೆ ಆರಾಮಾಗಿ ಕೂತ ಅಪ್ಪ ‘ಬಾ ಬೇಗ’ ಅನ್ನುವಾಗ ಹಿಂದಿನ ಪುಟ್ಟ ಕಾಲುಗಳ ಪಾಡು ಇದು. ಮಗು ಮುಂದಿರಲಿ, ಅದರ ವೇಗವೇ ಎಲ್ಲರ ವೇಗ. ದೊಡ್ಡವರು ಒಬ್ಬರೇ ಇದ್ದರೆ ಹಿಂದೆ, ಸ್ವಲ್ಪ ಬಲಕ್ಕೆ, ವಾಹನಗಳ ಬದಿಯಲ್ಲಿ ಬನ್ನಿ. ಇಬ್ಬರಿದ್ದರೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಟಾರಿನ ಅಂಚಿನಿಂದ ಎರಡಡಿ ಒಳಗೆ ಓಡಿಸಲು ಕಲಿಸಿ. ಅಂಚು ಇಳಿದ ಚಕ್ರವನ್ನು ಮತ್ತೆ ಮೇಲೆ ಹತ್ತಿಸಲು ಹೋಗಿಯೇ ಮಕ್ಕಳು ಬೀಳುವುದು. ಹಂಪ್ ಬಂದರೆ ಪೆಡಲ್ ತುಳಿಯುವುದು ನಿಲ್ಲಿಸಿ, ಸೀಟಿನಿಂದ ಸ್ವಲ್ಪ ಎದ್ದು ದಾಟಬೇಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಏಳೂವರೆಗೆ ಶುರುಮಾಡಿ ಮೊದಲು ಸಂಗಮಕ್ಕೇ ಹೋಗಿ, ಬರುತ್ತಾ ಗುಂಬಜ್, ಕೊನೆಗೆ ದರಿಯಾ ದೌಲತ್. ಬಿಸಿಲೇರುವ ಹೊತ್ತಿಗೆ ನೆರಳಿನಲ್ಲಿರುತ್ತೀರಿ, ಅರಮನೆಯ ಬಾಗಿಲೂ ತೆರೆದಿರುತ್ತದೆ. ಗುಂಬಜ್ ಸುತ್ತಲಿನ 36 ಕರಿಕಲ್ಲಿನ ಕಂಬಗಳನ್ನು ಎಣಿಸುವ ಕೆಲಸ ಮಕ್ಕಳಿಗೆ ವಹಿಸಿ. 1784ರ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ, ಅದರಲ್ಲಿ ಪಲ್ಲಕ್ಕಿಯೊಳಗೆ ಕೂತ ಬ್ರಿಟಿಷ್ ಸೇನಾಧಿಕಾರಿ ಬೈಲಿಯನ್ನು ಹುಡುಕಲು ಹೇಳಿ. ಆನೆ, ಕುದುರೆಗಳ ಗುಂಪಿನ ನಡುವೆ ಅವನು ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಕಾಲು ಗಂಟೆಗೊಮ್ಮೆ ಎರಡು ಗುಟುಕು ನೀರು, ಅರ್ಧ ಗಂಟೆಗೊಮ್ಮೆ ಅರ್ಧ ಬಾಳೆಹಣ್ಣೋ ಒಂದು ತುಂಡು ಕಡ್ಲೆ ಮಿಠಾಯಿಯೋ. ಹಸಿವಾಯಿತಾ ಎಂದು ಕೇಳುತ್ತಾ ಕೂತರೆ ತಡವಾಗುತ್ತದೆ. ಚೆನ್ನಾಗಿ ಮಾತಾಡುತ್ತಿದ್ದ ಮಗು ಸುಮ್ಮನಾಯಿತೆಂದರೆ ಹಸಿವು ಬಂದಾಗಿದೆ, ಇನ್ನು ಹತ್ತು ನಿಮಿಷಕ್ಕೆ ಅಳು. ಹೊಟ್ಟೆತುಂಬ ಇಡ್ಲಿ ತಿನ್ನಿಸಿ ಕೂಡಲೇ ಹೊರಡಿಸುವುದೂ ಬೇಡ, ಮುಕ್ಕಾಲು ಗಂಟೆ ಬಿಡಿ.

ಸಂಗಮದಲ್ಲಿ ಕಾವೇರಿಯ ಎರಡು ಕವಲು ಮತ್ತೆ ಕೂಡುತ್ತವೆ. ಮೇಲೆ ಶಾಂತವಾಗಿ ಕಂಡರೂ ಸೆಳವಿದೆ. ಮೆಟ್ಟಿಲಾಚೆ ಮಕ್ಕಳನ್ನು ಇಳಿಸಬೇಡಿ. ಸೈಕಲ್‌ಗಳನ್ನು ದಡದಿಂದ ದೂರ, ಮುಳ್ಳಿಲ್ಲದ ಕಡೆ ನಿಲ್ಲಿಸಿ. ಜಾಲಿಮುಳ್ಳು ತೆಳು ಟೈರನ್ನು ಸುಲಭವಾಗಿ ತೂರುತ್ತದೆ. ಪಂಚರ್ ಅಂಗಡಿಯಲ್ಲಿ 16 ಇಂಚಿನ ಟ್ಯೂಬ್ ಸಿಗದೆ ಹೋಗಬಹುದು, ಒಂದನ್ನು ಜೊತೆಗಿಟ್ಟುಕೊಳ್ಳಿ. ಪಂಪು, ಟೈರ್ ಲಿವರ್ ಮತ್ತು ನಿಮ್ಮ ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್ ಬೇಕು. ಸ್ಪ್ಯಾನರ್ ಅಳತೆ ಮನೆಯಲ್ಲೇ ಹಾಕಿ ನೋಡಿ.

ನಾಲ್ಕು ವರ್ಷದ ತಮ್ಮನೋ ತಂಗಿಯೋ ಜೊತೆಗಿದ್ದರೆ ಬರೀ ಕ್ಯಾರಿಯರ್ ಮೇಲೆ ಕೂರಿಸಬೇಡಿ. ಪಾದ ಕಡ್ಡಿಗಳ ನಡುವೆ ಸಿಕ್ಕಿ ಹಿಮ್ಮಡಿ ಕಿತ್ತುಬರುವ ಗಾಯ ಆಗುವುದು ಹೀಗೆಯೇ. ಪಾದಕಟ್ಟು, ಬೆಲ್ಟ್ ಇರುವ ಮಕ್ಕಳ ಸೀಟೇ ಬೇಕು.

ಸಂಗಮ ತಲುಪುವ ಮೊದಲೇ ಮಗು ಎರಡು ಸಲ ‘ಇನ್ನೆಷ್ಟು ದೂರ’ ಅಂದರೆ ಗುಂಬಜ್‌ನಿಂದಲೇ ತಿರುಗಿ. ಅಲ್ಲಿಂದಲೂ ಆಗದಿದ್ದರೆ ಆಟೊ ಹಿಡಿಯಿರಿ, 16 ಇಂಚಿನ ಸೈಕಲ್ ಹಿಂದಿನ ಸೀಟಿನ ಮುಂದೆ ಅಡ್ಡಲಾಗಿ ಕೂರುತ್ತದೆ. ಅಮಾವಾಸ್ಯೆ, ಅದರಲ್ಲೂ ಮಹಾಲಯ ಅಮಾವಾಸ್ಯೆಯಂದು ಪಿತೃಕಾರ್ಯಕ್ಕೆ ಬರುವವರಿಂದ ಸಂಗಮದ ರಸ್ತೆ ಕಿಕ್ಕಿರಿದಿರುತ್ತದೆ. ಕ್ಯಾಲೆಂಡರ್ ನೋಡಿ, ಸಾಧ್ಯವಾದರೆ ಭಾನುವಾರ ಬಿಟ್ಟು ಬೇರೆ ದಿನ ಹೊರಡಿ.