ಫ್ರೇಮ್‌ನ ಅಳತೆ ಮೊದಲು, ಪಾರ್ಟ್ಸ್ ಆಮೇಲೆ

ಅಕ್ಕನ ಮಗಳಿಗೆ ಒಂದು ಕಾರ್ಬನ್ ಮೌಂಟನ್ ಬೈಕ್ ಕಟ್ಟುತ್ತಿದ್ದೇನೆ. ಬರೀ ಫ್ರೇಮ್ ತೆಗೆದುಕೊಂಡು, ಉಳಿದದ್ದನ್ನೆಲ್ಲ ಒಂದೊಂದಾಗಿ ಆರಿಸಿ ಜೋಡಿಸುವ ಕೆಲಸ. ಅವಳು ಕ್ರಾಸ್ ಕಂಟ್ರಿ ರೇಸ್‌ಗಳಿಗೆ ಹೋಗುತ್ತಾಳೆ. ಎತ್ತರ 5 ಅಡಿ 3 ಇಂಚು, ತೂಕ 52 ಕೆಜಿ. ಪ್ರ್ಯಾಕ್ಟೀಸ್ ಜಾಸ್ತಿ ದೇವನಹಳ್ಳಿ ಹತ್ತಿರದ ಅವತಿ ಕಡೆ, ಮಳೆಗಾಲದಲ್ಲಿ ಸಕಲೇಶಪುರದ ಕೆಮ್ಮಣ್ಣಿನ ದಾರಿಗಳಲ್ಲಿ. ಅವಳ ಓಟಕ್ಕೆ ಮುಂದೆ ಮಾತ್ರ ಸಸ್ಪೆನ್ಷನ್ ಸಾಕು ಅಂತ ಇಬ್ಬರೂ ಒಪ್ಪಿಕೊಂಡೆವು. ಹಾಗಾಗಿ ಸ್ಮಾಲ್ ಸೈಜಿನ, 29 ಇಂಚಿನ ಚಕ್ರದ ಹಾರ್ಡ್‌ಟೇಲ್ ಫ್ರೇಮ್ ತರಿಸಿದೆವು.

ಫ್ರೇಮ್ ಬಂದ ಕೂಡಲೇ ಅವಳ ಪ್ರಶ್ನೆ, "ಮಾಮ, ಶಿಮಾನೊ ಹಾಕೋಣ್ವಾ, ಸ್ರ್ಯಾಮ್ ಹಾಕೋಣ್ವಾ?" ಎರಡೂ ಗೇರ್, ಬ್ರೇಕ್ ಮಾಡುವ ಕಂಪನಿಗಳು.

"ಅದು ಆಮೇಲೆ ಪುಟ್ಟಿ. ಮೊದಲು ಫ್ರೇಮ್ ಅಳೆಯೋಣ ಬಾ" ಅಂದೆ.

ನಾನು ಪೀಣ್ಯದಲ್ಲಿ ಟೂಲ್ ರೂಮ್ ಇನ್‌ಸ್ಪೆಕ್ಷನ್ ಕೆಲಸದವನು. ದಿನವಿಡೀ ವರ್ನಿಯರ್, ಬೋರ್ ಗೇಜ್ ಕೈಯಲ್ಲೇ ಇರುತ್ತದೆ. ಒಂದು ಪಾರ್ಟ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಅದು ಪಕ್ಕದ ಪಾರ್ಟ್ ಜೊತೆ ಹೇಗೆ ಕೂರುತ್ತದೆ ಅನ್ನುವುದರ ಮೇಲೇ ನನ್ನ ಕಣ್ಣು. ಬೈಕ್ ಕಟ್ಟುವುದಕ್ಕೂ ಇದೇ ಕಣ್ಣು ಬೇಕು ಅಂತ ನನ್ನ ನಂಬಿಕೆ. ಒಳ್ಳೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಒಳ್ಳೆ ಚಕ್ರ, ಒಳ್ಳೆ ಗೇರ್ ಮೂರನ್ನೂ ಬೇರೆ ಬೇರೆ ಆರಿಸಿ ತಂದರೆ, ಮೂರೂ ಒಂದಕ್ಕೊಂದು ಕೂಡದೇ ಹೋಗಬಹುದು. ಅದರಲ್ಲೂ ನಮ್ಮಲ್ಲಿ ಸಣ್ಣದೊಂದು ಫ್ರೀಹಬ್ ಬಾಡಿ (ಹಿಂದಿನ ಚಕ್ರದ ನಡುವೆ ಗೇರ್‌ಗಳು ಕೂರುವ ಭಾಗ) ಬೇಕಾದರೂ ಎಷ್ಟೋ ಸಲ ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು, ವಾರಗಟ್ಟಲೆ ಕಾಯಬೇಕು.

ಆದ್ದರಿಂದ ಫ್ರೇಮ್‌ನ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಹಿಂದಿನ ಆಕ್ಸಲ್ 12 × 148 ಮಿ.ಮೀ., ಅಂದರೆ ಬೂಸ್ಟ್ ಅನ್ನುವ ಅಗಲದ ಅಳತೆ. ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಜಾಗ, ಬಿಎಸ್‌ಎ ಅನ್ನುವ ಬಗೆಯ ಥ್ರೆಡ್‌ನದ್ದು, ಅಗಲ 73. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಮೇಲೆ ಝಡ್‌ಎಸ್44, ಕೆಳಗೆ ಝಡ್‌ಎಸ್56. ಸೀಟ್‌ಪೋಸ್ಟ್ 30.9. ಹಿಂದಿನ ಬ್ರೇಕ್ 160ರ ಪೋಸ್ಟ್ ಮೌಂಟ್ (ಬ್ರೇಕನ್ನು ಫ್ರೇಮ್‌ಗೆ ಕೂರಿಸುವ ಒಂದು ಬಗೆ), ರೋಟರ್ (ಬ್ರೇಕ್ ಹಿಡಿಯುವ ತಟ್ಟೆ) ಹೆಚ್ಚೆಂದರೆ 180. ಚೈನ್‌ಲೈನ್ (ಏನಂತ ಮುಂದೆ ಹೇಳುತ್ತೇನೆ) 52, ಮುಂದಿನ ಚೈನ್‌ರಿಂಗ್ (ಪೆಡಲ್ ಕಡೆಯ ಹಲ್ಲಿನ ಚಕ್ರ) 36 ಹಲ್ಲಿನವರೆಗೆ. ಟೈರ್ 2.4 ಇಂಚಿನವರೆಗೆ. ಫೋರ್ಕ್ (ಮುಂದಿನ ಸಸ್ಪೆನ್ಷನ್) ಕುಗ್ಗುವ ದೂರ 100ರಿಂದ 120 ಮಿ.ಮೀ. ಗೇರ್ ಹ್ಯಾಂಗರ್, ಅಂದರೆ ಹಿಂದಿನ ಡಿರೇಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ) ಕೂರುವ ಕೊಂಡಿ, ಯುಡಿಎಚ್ ಅನ್ನುವ ಬಗೆ. ಇದಿಷ್ಟೂ ಕಂಪನಿಯ ಪಟ್ಟಿಯಲ್ಲೇ ಇತ್ತು. ಅಳೆಯಲು ಬರುವುದನ್ನೆಲ್ಲ ಮತ್ತೊಮ್ಮೆ ಅಳೆದು ನೋಡಿದೆ.

ಈ ಫ್ರೇಮನ್ನೇ ಆರಿಸಲು ನನಗೆ ದೊಡ್ಡ ಕಾರಣ ಬಾಟಮ್ ಬ್ರ್ಯಾಕೆಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹಲವು ಕಾರ್ಬನ್ ಫ್ರೇಮ್‌ಗಳಲ್ಲಿ ಪ್ರೆಸ್ ಫಿಟ್ ಇರುತ್ತದೆ. ಬಿಬಿ92 ಅನ್ನುವ ಬಗೆಯಲ್ಲಿ 41 ಮಿ.ಮೀ. ಒಳವ್ಯಾಸದ ತೂತಿಗೆ ಬೇರಿಂಗ್ ಕಪ್ಪನ್ನು ಒತ್ತಿ ಕೂರಿಸುತ್ತಾರೆ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹೊಡೆಯುತ್ತಾರಲ್ಲ, ಹಾಗೆ ಬಿಗಿಯೇ ಅದನ್ನು ಹಿಡಿದಿಡಬೇಕು. ನಮ್ಮ ಕೆಲಸದಲ್ಲಿ ಇದಕ್ಕೆ ಇಂಟರ್‌ಫರೆನ್ಸ್ ಫಿಟ್ ಅನ್ನುತ್ತೇವೆ. ಪ್ರೆಸ್ ಫಿಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಷ್ಟೋ ಯಂತ್ರಗಳು ಅದರ ಮೇಲೇ ನಿಂತಿವೆ. ಆದರೆ ಅದಕ್ಕೆ ತೂತು ಸರಿಯಾಗಿ ಗುಂಡಗಿರಬೇಕು, ಎಡ ಬಲದ ಎರಡೂ ತೂತು ಒಂದೇ ನೇರದಲ್ಲಿರಬೇಕು, ವ್ಯಾಸ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ನಿಲ್ಲಬೇಕು. ಅಚ್ಚಿನಲ್ಲಿ ಒತ್ತಿ ಮಾಡಿದ ಕಾರ್ಬನ್‌ನಲ್ಲಿ ಇದನ್ನು ಪ್ರತಿ ಫ್ರೇಮ್‌ಗೂ ಸಾಧಿಸುವುದು ಸುಲಭವಲ್ಲ. ಸ್ವಲ್ಪ ಸಡಿಲವಾದರೂ ಕಪ್ ಒಳಗೇ ಕದಲುತ್ತದೆ, ಪೆಡಲ್ ತುಳಿದಾಗಲೆಲ್ಲ ಕಿರ್ ಅನ್ನುತ್ತದೆ. ನೀರು, ಮಣ್ಣು ಸೇರಿದರೆ ಇನ್ನೂ ಬೇಗ.

ಇಲ್ಲೇ ಇನ್ನೊಂದು ಲೆಕ್ಕ ಇದೆ. ಶಿಮಾನೊ ಕ್ರ್ಯಾಂಕ್‌ನ ಸ್ಪಿಂಡಲ್ (ಎರಡೂ ತೋಳನ್ನು ಸೇರಿಸುವ ಅಡ್ಡ ಕಂಬಿ) 24 ಮಿ.ಮೀ. ಸ್ರ್ಯಾಮ್‌ನ ಡಬ್ ಅನ್ನುವ ಬಗೆಯದು 28.99. ಇನ್ನು ಕೆಲವರದು 30. ಫ್ರೇಮ್‌ನ ತೂತು 41 ಅಂತ ನಿಗದಿಯಾದ ಮೇಲೆ, ಸ್ಪಿಂಡಲ್ ದಪ್ಪವಾದಷ್ಟೂ ನಡುವೆ ಬೇರಿಂಗ್‌ಗೆ ಉಳಿಯುವ ಜಾಗ ಕಡಿಮೆ. 30ರ ಸ್ಪಿಂಡಲ್ ಹಾಕಿದರೆ ಕಪ್ಪಿನ ದಪ್ಪವನ್ನೂ ಕಳೆದ ಮೇಲೆ ಸಣ್ಣ ಸಣ್ಣ ಬಾಲ್‌ಗಳ ಬೇರಿಂಗೇ ಗತಿ. ಅದು ಬೇಗ ಸವೆಯುತ್ತದೆ. ಅಂಥ ಫ್ರೇಮ್ ನಿಮ್ಮ ಹತ್ತಿರ ಇದ್ದರೆ 24ರ ಸ್ಪಿಂಡಲ್ ಇರುವ ಕ್ರ್ಯಾಂಕ್ ನೋಡಿ. ದೊಡ್ಡ ಬಾಲ್‌ಗಳಿಗೆ ಜಾಗ ಸಿಗುತ್ತದೆ.

ನಮ್ಮದು ಬಿಎಸ್‌ಎ. ಕಾರ್ಬನ್ ಒಳಗೆ ಅಲ್ಯುಮಿನಿಯಂ ಬುಷ್ ಕೂರಿಸಿ ಅದಕ್ಕೆ ಥ್ರೆಡ್ ಹೊಡೆದಿದ್ದಾರೆ. 1.37 ಇಂಚು, ಇಂಚಿಗೆ 24 ಥ್ರೆಡ್. ಬೇರಿಂಗ್ ಫ್ರೇಮ್‌ನ ಹೊರಗೆ ಕೂರುವುದರಿಂದ 24 ಆದರೂ ಸರಿ, ಡಬ್ ಆದರೂ ಸರಿ, ಆಯಾ ಕ್ರ್ಯಾಂಕಿಗೆ ತಕ್ಕ ಕಪ್ ತಂದರಾಯಿತು. ಚೈನ್ ಇರುವ ಕಡೆಯ ಕಪ್ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ, ಇನ್ನೊಂದು ಕಡೆಯದು ಮಾಮೂಲಿ. ಗ್ರೀಸ್ ಹಚ್ಚಿ ಮೊದಲ ಎರಡು ಮೂರು ಸುತ್ತು ಕೈಯಲ್ಲೇ ಹತ್ತಿಸಬೇಕು. ತೂಕ ಕೆಲವು ಗ್ರಾಂ ಹೆಚ್ಚಾಗಬಹುದು. ಮನೆಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಹಾಕುವ ಅನುಕೂಲದ ಮುಂದೆ ಅದು ನನಗೆ ಲೆಕ್ಕಕ್ಕಿಲ್ಲ.

ಇನ್ನು ಚಕ್ರ ಮತ್ತು ಗೇರ್. ಇವೆರಡನ್ನೂ ಬೇರೆ ಬೇರೆ ನಿರ್ಧಾರ ಅಂತ ನೋಡುವವರೇ ಜಾಸ್ತಿ. ಚಕ್ರ ಆಫರ್‌ನಲ್ಲಿ ಸಿಕ್ಕಿತು ಅಂತ ಮೊದಲೇ ಕೊಳ್ಳುತ್ತಾರೆ. ಆದರೆ ಕ್ಯಾಸೆಟ್, ಅಂದರೆ ಹಿಂದಿನ ಗೇರ್‌ಗಳ ಗೊಂಚಲು, ಕೂರುವುದು ಚಕ್ರದ ಹಬ್‌ನ ಮೇಲೆ. 10 ಹಲ್ಲಿನಿಂದ ಶುರುವಾಗುವ ಸ್ರ್ಯಾಮ್ ಈಗಲ್ ಕ್ಯಾಸೆಟ್‌ಗೆ ಎಕ್ಸ್‌ಡಿ ಫ್ರೀಹಬ್ ಬೇಕು. ಶಿಮಾನೊದ 12 ಸ್ಪೀಡ್‌ನ 10-51 (ಚಿಕ್ಕ ಗೇರ್‌ಗೆ 10 ಹಲ್ಲು, ದೊಡ್ಡದಕ್ಕೆ 51) ಮತ್ತು 10-45ಕ್ಕೆ ಮೈಕ್ರೋ ಸ್ಪ್ಲೈನ್ ಬೇಕು. ಸ್ರ್ಯಾಮ್‌ನದೇ ಎನ್‌ಎಕ್ಸ್ ಈಗಲ್‌ನ 11-50 ಹಳೆಯ ಎಚ್‌ಜಿ ಫ್ರೀಹಬ್ ಮೇಲೆ ಕೂರುತ್ತದೆ, ಆದರೆ ಅದರ ತೂಕ 600 ಗ್ರಾಂ ದಾಟುತ್ತದೆ. ಒಂದರ ಮೇಲೆ ಇನ್ನೊಂದು ಹತ್ತುವುದೇ ಇಲ್ಲ. ಫ್ರೀಹಬ್ ಬಾಡಿ ಬದಲಿಸಲು ಬರುವ ಹಬ್ ಆದರೆ ಬಚಾವ್. ಕೊಳ್ಳುವ ಮುಂಚೆ ಆ ಹಬ್‌ಗೆ ಯಾವ ಯಾವ ಬಾಡಿ ಸಿಗುತ್ತದೆ ಅಂತ ಅಂಗಡಿಯಲ್ಲಿ ಕೇಳಲೇಬೇಕು.

ನಾವು ಆರಿಸಿದ್ದು ಶಿಮಾನೊ ಎಕ್ಸ್‌ಟಿ 12 ಸ್ಪೀಡ್, ಕೇಬಲ್‌ನದ್ದು. ಅದಕ್ಕಿಂತ ಕೆಳಗಿನ ದರ್ಜೆಯ ಡಿಯೋರ್ ಕೂಡ ಚೆನ್ನಾಗಿ ಗೇರ್ ಬದಲಿಸುತ್ತದೆ, ದುಡ್ಡು ಉಳಿಯುತ್ತದೆ. ಆದರೆ ಡಿಯೋರ್‌ನ 10-51 ಕ್ಯಾಸೆಟ್ ಸುಮಾರು 590 ಗ್ರಾಂ, ಎಕ್ಸ್‌ಟಿಯದು ಸುಮಾರು 470. 52 ಕೆಜಿ ಹುಡುಗಿ ಏರು ಹತ್ತುವಾಗ ಹಿಂದಿನ ಚಕ್ರದ ಮೇಲಿನ ಆ ತೂಕ ಉಳಿಸುವುದು ಒಳ್ಳೆಯದು ಅನ್ನಿಸಿತು. ಶಿಫ್ಟರ್‌ಗೆ (ಗೇರ್ ಬದಲಿಸುವ ಲಿವರ್) ಡಿಯೋರ್ ಹಾಕಿ ಆ ದುಡ್ಡನ್ನು ಇಲ್ಲಿಗೆ ತಂದೆವು. ಒಂದೇ ಕಂಪನಿಯ 12 ಸ್ಪೀಡ್ ಒಳಗೆ ಹೀಗೆ ಬೆರೆಸಬಹುದು. ಶಿಮಾನೊ ಶಿಫ್ಟರ್‌ಗೆ ಸ್ರ್ಯಾಮ್ ಡಿರೇಲರ್ ಹಾಕಲು ಮಾತ್ರ ಹೋಗಬೇಡಿ. ಒಂದು ಕ್ಲಿಕ್‌ಗೆ ಎಳೆಯುವ ಕೇಬಲ್‌ನ ಉದ್ದ ಎರಡರದ್ದೂ ಬೇರೆ.

ಯುಡಿಎಚ್ ಬಗ್ಗೆ ಅವಳು ಕೇಳಿದಳು. ಹಿಂದೆಲ್ಲ ಪ್ರತಿ ಫ್ರೇಮ್‌ಗೂ ಅದರದ್ದೇ ಆಕಾರದ ಹ್ಯಾಂಗರ್. ಬಿದ್ದು ಬಗ್ಗಿದರೆ ಅದೇ ಮಾಡೆಲ್ ಹುಡುಕಿಕೊಂಡು ಅಲೆಯಬೇಕಿತ್ತು. 2019ರಲ್ಲಿ ಸ್ರ್ಯಾಮ್ ಎಲ್ಲ ಫ್ರೇಮ್‌ಗೂ ಒಂದೇ ಹ್ಯಾಂಗರ್ ಅಂತ ಇದನ್ನು ತಂದಿತು, ಬೇರೆ ಕಂಪನಿಗಳೂ ಒಪ್ಪಿಕೊಂಡವು. ಶಿಮಾನೊ ಡಿರೇಲರ್ ಕೂಡ ಇದರ ಮೇಲೆ ಆರಾಮಾಗಿ ಕೂರುತ್ತದೆ. 2023ರಲ್ಲಿ ಬಂದ ಸ್ರ್ಯಾಮ್‌ನ ಟ್ರಾನ್ಸ್‌ಮಿಷನ್ ಗೇರ್‌ಗಳಿಗೆ ಹ್ಯಾಂಗರೇ ಇಲ್ಲ, ಡಿರೇಲರ್ ನೇರವಾಗಿ ಫ್ರೇಮ್‌ಗೆ ಸೇರುತ್ತದೆ. ಅದಕ್ಕೆ ಯುಡಿಎಚ್ ಫ್ರೇಮ್ ಬೇಕೇ ಬೇಕು. ಮುಂದೆ ಅವಳು ಸಂಪಾದನೆ ಶುರು ಮಾಡಿ ಅದನ್ನು ಹಾಕಿಸಿಕೊಂಡರೂ ಫ್ರೇಮ್ ಇದೇ ಸಾಕು. ಥ್ರೂ ಆಕ್ಸಲ್ (ಹಬ್ ಒಳಗಿಂದ ತೂರಿ ಫ್ರೇಮ್‌ಗೆ ಬಿಗಿಯುವ ಕಂಬಿ) ಕೊಳ್ಳುವಾಗ 12 × 148 ಅಂತ ಮಾತ್ರ ಹೇಳಿದರೆ ಸಾಲದು. ಒಟ್ಟು ಉದ್ದ ಮತ್ತು ಥ್ರೆಡ್‌ನ ಪಿಚ್ (ಒಂದು ಎಳೆಯಿಂದ ಇನ್ನೊಂದಕ್ಕೆ ಇರುವ ದೂರ) ಹೇಳಬೇಕು. 1.0, 1.5, 1.75 ಮೂರೂ ಇವೆ. ಯುಡಿಎಚ್‌ಗೆ 1.0. ಬೇರೆ ಪಿಚ್‌ನದ್ದನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳು.

ಚೈನ್‌ಲೈನ್ ಅಂದರೆ ಫ್ರೇಮ್‌ನ ನಡುಗೆರೆಯಿಂದ ಚೈನ್‌ರಿಂಗ್‌ಗೆ ಇರುವ ದೂರ. 142ರ ಹಿಂಬದಿಯಿಂದ ಬೂಸ್ಟ್ 148ಕ್ಕೆ ಬಂದಾಗ ಕ್ಯಾಸೆಟ್ 3 ಮಿ.ಮೀ. ಹೊರಗೆ ಸರಿಯಿತು, ಅದಕ್ಕೆ ತಕ್ಕಂತೆ ಮುಂದಿನ ರಿಂಗೂ ಸರಿಯಿತು. ಎಕ್ಸ್‌ಟಿ ಕ್ರ್ಯಾಂಕ್ 52ರದ್ದೂ ಸಿಗುತ್ತದೆ, 55ರದ್ದೂ ಸಿಗುತ್ತದೆ. 55 ಹಾಕಿದರೆ ರಿಂಗ್‌ಗೂ ಚೈನ್‌ಸ್ಟೇಗೂ (ಹಿಂದಿನ ಚಕ್ರದ ಪಕ್ಕದ ಫ್ರೇಮ್ ಕೊಳವೆ) ನಡುವೆ ಜಾಗ ಹೆಚ್ಚು, ಆದರೆ 51 ಹಲ್ಲಿನ ಗೇರ್‌ನಲ್ಲಿ ಚೈನ್ ಇನ್ನಷ್ಟು ಓರೆಯಾಗುತ್ತದೆ. ಅವಳು ಏರಿನಲ್ಲಿ ಹೆಚ್ಚು ಹೊತ್ತು ಇರುವುದೇ ಆ ಗೇರ್‌ನಲ್ಲಿ. ಹಾಗಾಗಿ 52, ರಿಂಗ್ 32 ಹಲ್ಲು. ಕ್ರ್ಯಾಂಕ್ ಉದ್ದ 165. ಅವಳ ಕಾಲಿನ ಉದ್ದಕ್ಕೆ ಅದೇ ಹೊಂದುತ್ತದೆ, ಅವತಿಯ ಬಂಡೆಗಳ ಮೇಲೆ ಪೆಡಲ್ ತಗಲುವುದೂ ಕಡಿಮೆ.

ಸೀಟ್‌ಪೋಸ್ಟ್‌ಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಅವಳಿಗೆ ಡ್ರಾಪರ್ ಬೇಕು, ಅಂದರೆ ಇಳಿಜಾರಿನಲ್ಲಿ ಬಟನ್ ಒತ್ತಿ ಸೀಟು ಕೆಳಗಿಳಿಸುವ ಪೋಸ್ಟ್. "150 ಹಾಕೋಣ ಮಾಮ" ಅಂದಳು. ಸಣ್ಣ ಫ್ರೇಮ್‌ನಲ್ಲಿ ಇದನ್ನು ಲೆಕ್ಕ ಹಾಕದೆ ಹೇಳಲು ಬರುವುದಿಲ್ಲ. ಬಾಟಮ್ ಬ್ರ್ಯಾಕೆಟ್‌ನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅವಳಿಗೆ 660 ಮಿ.ಮೀ. ಬೇಕು. ಸೀಟ್ ಟ್ಯೂಬ್ 400. ಉಳಿದದ್ದು 260. ಸೀಟಿನ ದಪ್ಪ 45 ಕಳೆದರೆ 215. 150ರ ಡ್ರಾಪರ್‌ಗೆ ತಲೆ ಮತ್ತು ಕಾಲರ್ ಸೇರಿ ಇನ್ನೊಂದು 50 ಬೇಕು, ಒಟ್ಟು 200. ಮೇಲ್ಗಡೆ ಹೇಗೋ ಕೂರುತ್ತದೆ. ತೊಂದರೆ ಒಳಗಡೆ. ಸೀಟ್ ಟ್ಯೂಬ್ ಕೆಳಗೆ ಬಾಗಿದೆ, 210ಕ್ಕಿಂತ ಆಳಕ್ಕೆ ಪೋಸ್ಟ್ ಇಳಿಯುವುದಿಲ್ಲ. ನಾವು ನೋಡಿದ 150ರ ಪೋಸ್ಟ್‌ಗೆ ಕೇಬಲ್‌ನ ಕೊಂಡಿಯೂ ಸೇರಿ ಅದಕ್ಕಿಂತ ಹೆಚ್ಚು ಆಳ ಬೇಕಿತ್ತು. 125 ಎರಡೂ ಕಡೆ ಸರಿಯಾಗಿ ಕೂತಿತು. ಮೇಲೆ ಸ್ವಲ್ಪ ಜಾಗವೂ ಉಳಿಯಿತು. ಅವಳ ವಯಸ್ಸಿಗೆ ಇನ್ನೂ ಒಂದಿಷ್ಟು ಬೆಳೆಯಬಹುದು, ಅಲ್ವಾ?

ಬ್ರೇಕ್‌ನಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ಶಿಮಾನೊ, ಮಿನರಲ್ ಆಯಿಲ್. ಡಾಟ್ 5.1 ಅನ್ನುವ ದ್ರವ ಬಳಸುವ ಬ್ರೇಕ್‌ಗೆ ಮಿನರಲ್ ಆಯಿಲ್ ಹಾಕಬಾರದು, ಇದಕ್ಕೆ ಅದನ್ನು ಹಾಕಬಾರದು. ಒಳಗಿನ ಸೀಲ್‌ಗಳು ಹೋಗುತ್ತವೆ. ಹಿಂದೆ 160ರ ರೋಟರ್ ಅಡಾಪ್ಟರ್ ಇಲ್ಲದೆ ನೇರ ಕೂರುತ್ತದೆ, ಮುಂದೆ 180. ಹಬ್ ಸೆಂಟರ್‌ಲಾಕ್‌ನದ್ದು, ಅಂದರೆ ರೋಟರನ್ನು ನಡುವಿನ ಒಂದೇ ರಿಂಗ್ ಹಿಡಿಯುತ್ತದೆ. ಸೆಂಟರ್‌ಲಾಕ್ ಹಬ್‌ಗೆ ಅಡಾಪ್ಟರ್ ಹಾಕಿ ಆರು ಬೋಲ್ಟಿನ ರೋಟರ್ ಕೂರಿಸಬಹುದು. ಆರು ಬೋಲ್ಟಿನ ಹಬ್‌ಗೆ ಸೆಂಟರ್‌ಲಾಕ್ ರೋಟರ್ ಕೂರುವುದಿಲ್ಲ. ನಮ್ಮಲ್ಲಿ ಮೋಟರ್‌ಬೈಕಿನ ಹಾಗೆ ಮುಂದಿನ ಬ್ರೇಕ್ ಬಲಗೈಗೆ ಇರುವುದು ರೂಢಿ. ಹಾಗಾಗಿ ಹಿಂದಿನ ಬ್ರೇಕಿನ ಹೋಸ್ ಎಡಗೈಯಿಂದ ಬಂದು ಫ್ರೇಮ್ ಒಳಗೆ ಹೋಗುತ್ತದೆ. ಅದು ಒಳಹೋಗುವ ತೂತು ಯಾವ ಪಕ್ಕ ಇದೆ ಅಂತ ನೋಡಿಕೊಂಡರೆ ಹ್ಯಾಂಡಲ್ ತಿರುಗಿಸಿದಾಗ ಹೋಸ್ ಮಡಚಿಕೊಳ್ಳುವುದು ತಪ್ಪುತ್ತದೆ.

ಟೈರ್ ವಿಷಯದಲ್ಲಿ ನಾನು ಹಟ ಹಿಡಿದೆ. ಫ್ರೇಮ್ 2.4 ಹಿಡಿಯುತ್ತದೆ ಅಂತ ಬರೆದಿದೆ ನಿಜ. ಆದರೆ ಹಿಂದಕ್ಕೆ 2.25 ಹಾಕಿದೆವು, ಮುಂದಕ್ಕೆ ಮಾತ್ರ 2.4. ಸಕಲೇಶಪುರದ ಮಳೆಗಾಲದ ಕೆಮ್ಮಣ್ಣು ಟೈರ್‌ಗೆ ಅಂಟಿ ಉಂಡೆ ಕಟ್ಟುತ್ತದೆ. ಅದರೊಳಗಿನ ಸಣ್ಣ ಕಲ್ಲು ಪ್ರತಿ ಸುತ್ತಿಗೂ ಚೈನ್‌ಸ್ಟೇಗೆ ಉಜ್ಜುತ್ತದೆ. ಅಲ್ಯುಮಿನಿಯಂ ಆದರೆ ಗೀರು ಬಿದ್ದು ಸುಮ್ನೆ ಇರುತ್ತಿತ್ತು. ಕಾರ್ಬನ್‌ನಲ್ಲಿ ಮೊದಲು ಬಣ್ಣ, ಆಮೇಲೆ ನಾರಿನ ಪದರವೇ ಸವೆಯಲು ಶುರುವಾಗುತ್ತದೆ. ಎರಡೂ ಪಕ್ಕ ಕನಿಷ್ಠ 6 ಮಿ.ಮೀ. ಜಾಗ ಉಳಿಯಬೇಕು ಅಂತ ಇಟ್ಟುಕೊಂಡೆ. ಚೈನ್‌ಸ್ಟೇ ಒಳಬದಿಗೆ ದಪ್ಪ ಪ್ರೊಟೆಕ್ಷನ್ ಟೇಪನ್ನೂ ಹಚ್ಚಿದ್ದೇನೆ.

ಫೋರ್ಕ್ ಇನ್ನೂ ಕೊಂಡಿಲ್ಲ. ಬೂಸ್ಟ್ 15 × 110 ಆಕ್ಸಲ್, ಟೇಪರ್ ಸ್ಟಿಯರರ್ (ಹೆಡ್‌ಸೆಟ್ ಒಳಗೆ ಹೋಗುವ, ಕೆಳಗೆ ದಪ್ಪ ಇರುವ ಫೋರ್ಕಿನ ಕೊಳವೆ) ಅನ್ನುವುದು ನಿಗದಿ. 100 ಬೇಕೋ 120 ಬೇಕೋ ಅನ್ನುವುದೇ ಮಾತುಕತೆ. ಉಳಿದದ್ದೆಲ್ಲ ಹಾಗೇ ಇದ್ದು 20 ಮಿ.ಮೀ. ಹೆಚ್ಚಿಸಿದರೆ ಬೈಕಿನ ಮುಂಭಾಗ ಎತ್ತರವಾಗಿ ಹೆಡ್ ಆಂಗಲ್ (ಸ್ಟಿಯರರ್ ಕೂರುವ ಕೊಳವೆಯ ಓರೆ) ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಧೈರ್ಯ ಕೊಡುತ್ತದೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ. ಅವಳು 120 ಅನ್ನುತ್ತಾಳೆ. ನನಗೂ ಅದೇ ಸರಿ ಅನ್ನಿಸುತ್ತಿದೆ, ಫ್ರೇಮ್ ಒಪ್ಪುವ ಮಿತಿಯೊಳಗೇ ಇದೆ. ಆದರೆ ಎತ್ತರ ಕಡಿಮೆ ಇರುವವರಿಗೆ ಹ್ಯಾಂಡಲ್ ತೀರಾ ಮೇಲೆ ಬರಬಾರದು. ಅದಕ್ಕೆ ಕೆಳಮುಖದ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು) ಒಂದನ್ನು ನೋಡಿಟ್ಟಿದ್ದೇನೆ. ಹ್ಯಾಂಡಲ್‌ಬಾರ್ 31.8ರದ್ದು, ಹಾಗಾಗಿ ಸ್ಟೆಮ್ಮೂ 31.8ರದ್ದೇ. 35ರದ್ದು ನಡೆಯುವುದಿಲ್ಲ.

ಬೋಲ್ಟ್ ಬಿಗಿಯುವುದೆಲ್ಲ ಟಾರ್ಕ್ ರೆಂಚ್‌ನಲ್ಲೇ. ಸೀಟ್ ಕ್ಲ್ಯಾಂಪ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿದ್ದರೆ 5ಕ್ಕೇ ನಿಲ್ಲಿಸಬೇಕು. ಪೋಸ್ಟ್ ಜಾರುತ್ತದೆ ಅಂತ ಇನ್ನೂ ಬಿಗಿದರೆ ಟ್ಯೂಬ್ ಸೀಳುತ್ತದೆ. ಜಾರದಿರಲು ಕಾರ್ಬನ್ ಪೇಸ್ಟ್ ಇದೆ. ಕಾರ್ಬನ್‌ಗೆ ಅಲ್ಯುಮಿನಿಯಂ ತಾಗಿಕೊಂಡು ನೀರೂ ಸೇರಿದರೆ ಅಲ್ಯುಮಿನಿಯಂ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಪೋಸ್ಟ್ ಹೊರತೆಗೆದು ಒರೆಸಿ ಹೊಸ ಪೇಸ್ಟ್ ಹಚ್ಚಬೇಕು ಅಂತ ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ.

ಫೋರ್ಕ್ ಬಂದ ಮೇಲೆ ಸ್ಟಿಯರರ್ ಕತ್ತರಿಸುವುದೊಂದು ಬಾಕಿ. ಮೊದಲು ಉದ್ದವಾಗೇ ಬಿಟ್ಟು, ಸ್ಟೆಮ್‌ನ ಮೇಲೆ ಕೆಳಗೆ ಸ್ಪೇಸರ್ ಹಾಕಿ ಅವಳು ಓಡಿಸಲಿ. ಬೆನ್ನು, ಕೈ ಯಾವ ಎತ್ತರಕ್ಕೆ ಒಗ್ಗುತ್ತದೆ ಅಂತ ಅವಳೇ ಹೇಳಬೇಕು. ಆಮೇಲೆ ಗೈಡ್ ಕಟ್ಟಿ ಗರಗಸ ಹಾಕುತ್ತೇನೆ.