ಎಐ ಫೋನಿನೊಳಗಿರಬೇಕೋ, ಕ್ಲೌಡ್‌ನಲ್ಲಿರಬೇಕೋ?

ಹೊಸ ಫೋನು ಕೊಳ್ಳಲು ಹೊರಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಎಐ ಸಾಧನದೊಳಗೇ ಕೆಲಸ ಮಾಡುವುದು ಮೇಲೋ, ಕ್ಲೌಡ್‌ನಲ್ಲಿ, ಅಂದರೆ ದೂರದ ಸರ್ವರ್‌ಗಳಲ್ಲಿ, ಮಾಡುವುದು ಮೇಲೋ? ಇದಕ್ಕೆ ನಾನು ಮೊದಲು ಕೇಳುವ ಮರುಪ್ರಶ್ನೆಯೊಂದಿದೆ. ಕೆಲಸಕ್ಕೆ ಬೇಕಾದ ಸಾಮಗ್ರಿ ಆಗಲೇ ನಿಮ್ಮ ಫೋನಿನಲ್ಲಿದೆಯೇ, ಅಥವಾ ಎಐ ಅದನ್ನು ತಾನು ಕಲಿತದ್ದರಿಂದ ನೆನಪಿಸಿಕೊಂಡು ಹೇಳಬೇಕೇ?

ಈ ಭೇದದ ಮಹತ್ವ ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಇಂಥ ಎಐ ಹಿಂದಿರುವ ಭಾಷಾ ಮಾದರಿ (ಪಠ್ಯ ಓದಿ ಉತ್ತರ ಬರೆಯುವ ತಂತ್ರಾಂಶ) ಕಲಿತದ್ದೆಲ್ಲ ಪ್ಯಾರಾಮೀಟರ್‌ಗಳೆಂಬ ಸಂಖ್ಯೆಗಳಲ್ಲಿ ಅಡಗಿರುತ್ತದೆ. 2024ರಲ್ಲಿ ಆಪಲ್ ತನ್ನ ಸಾಧನಗಳಿಗೆಂದು ಪ್ರಕಟಿಸಿದ ಮಾದರಿಯಲ್ಲಿ ಅಂಥ ಸಂಖ್ಯೆಗಳು ಸುಮಾರು 300 ಕೋಟಿ. ಒಂದೊಂದಕ್ಕೂ 16 ಬಿಟ್ ಜಾಗ ಕೊಟ್ಟರೆ 6 ಜಿಬಿ ಬೇಕು. 8 ಜಿಬಿ ರ‍್ಯಾಮ್‌ನ ಫೋನಿನಲ್ಲಿ ಉಳಿದ ಆ್ಯಪ್‌ಗಳು ಎಲ್ಲಿಗೆ ಹೋಗಬೇಕು? ಹಾಗಾಗಿ ನಿಖರತೆಯನ್ನು ತುಸು ಬಿಟ್ಟುಕೊಟ್ಟು 4 ಬಿಟ್‌ಗೆ ಇಳಿಸಿದರೆ 1.5 ಜಿಬಿಯಲ್ಲಿ ಕೆಲಸ ಮುಗಿಯುತ್ತದೆ. ಅಲ್ಲಿಗೂ ತೊಂದರೆ ತೀರುವುದಿಲ್ಲ. ಉತ್ತರದ ಪ್ರತಿಯೊಂದು ಟೋಕನ್‌ಗೂ, ಅಂದರೆ ಪದದ ತುಣುಕಿಗೂ, ಆ 1.5 ಜಿಬಿಯನ್ನು ಮತ್ತೆ ಮೆಮೊರಿಯಿಂದ ಓದಬೇಕಾಗುತ್ತದೆ. ಸೆಕೆಂಡಿಗೆ 60 ಜಿಬಿ ಓದಬಲ್ಲ ಫೋನು ಎಷ್ಟು ಹೆಣಗಿದರೂ ಸೆಕೆಂಡಿಗೆ 40 ಟೋಕನ್ ದಾಟುವುದು ಕಷ್ಟ. (ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದೆಂದು ಜಾಹೀರಾತುಗಳು ಸಾರುವ ‘ಟಾಪ್ಸ್’ ಸಂಖ್ಯೆಗಿಂತ ರ‍್ಯಾಮ್ ಎಷ್ಟಿದೆ, ಎಷ್ಟು ವೇಗದ್ದು ಎಂದು ಮೊದಲು ನೋಡಿ ಎಂದು ನಾನು ಹೇಳುವುದು ಇದಕ್ಕೇ.) 7000 ಕೋಟಿ ಪ್ಯಾರಾಮೀಟರ್‌ಗಳ ಮಾದರಿಗೆ ಇದೇ ಲೆಕ್ಕದಲ್ಲಿ 35 ಜಿಬಿ ಬೇಕು. ಅದು ಸರ್ವರ್‌ಗೇ ಸರಿ.

ಚಿಕ್ಕ ಮಾದರಿಯಲ್ಲಿ ಲೋಕಜ್ಞಾನಕ್ಕೆ ಜಾಗ ಕಡಿಮೆ. ಅಪರೂಪದ ಕಾಯಿಲೆಯೊಂದರ ಬಗ್ಗೆ ಕೇಳಿದರೆ ಅದು ಗೊತ್ತಿಲ್ಲವೆನ್ನದೆ ಏನನ್ನಾದರೂ ಹೆಣೆದುಬಿಡಬಹುದು. ದೊಡ್ಡ ಮಾದರಿಗಳೂ ಹೀಗೆ ಮಾಡುತ್ತವೆ, ಆದರೆ ಅಷ್ಟು ಸುಲಭವಾಗಿ ಅಲ್ಲ. ಅದೇ ಚಿಕ್ಕ ಮಾದರಿಯ ಮುಂದೆ ಒಂದು ಉದ್ದನೆಯ ಇಮೇಲ್ ಇಟ್ಟು ಸಾರಾಂಶ ಕೇಳಿದರೆ, ಹೇಳಬೇಕಾದದ್ದೆಲ್ಲ ಎದುರಿಗೇ ಇರುವುದರಿಂದ, ಸಾಕಷ್ಟು ಚೆನ್ನಾಗಿಯೇ ನಿಭಾಯಿಸುತ್ತದೆ. ಮಾತನ್ನು ಅಕ್ಷರಕ್ಕಿಳಿಸುವುದೂ ಇದೇ ಜಾತಿಯ ಕೆಲಸ. 2011ರಲ್ಲಿ ಐಫೋನಿಗೆ ಬಂದ ಧ್ವನಿ ಸಹಾಯಕ ಸಿರಿ ನಮ್ಮ ಧ್ವನಿಯನ್ನು ಸರ್ವರ್‌ಗೆ ಕಳುಹಿಸುತ್ತಿತ್ತು. 2021ರಲ್ಲಿ ಬಂದ ಐಫೋನ್ ತಂತ್ರಾಂಶ ಐಒಎಸ್ 15ರಿಂದ ಆ ಕೆಲಸ ಹಲವು ಭಾಷೆಗಳಲ್ಲಿ ಸಾಧನದೊಳಕ್ಕೆ ಬಂತು. ಮೊನ್ನೆ ನಾನು ಒಂದು ಗಂಟೆಯ ಸಂಭಾಷಣೆಯನ್ನು ನೆಟ್ ಇಲ್ಲದೆಯೇ ಪಠ್ಯವಾಗಿಸಿದೆ. ಫೋನು ಬೆಚ್ಚಗಾಯಿತು, ಹೆಸರುಗಳೆಲ್ಲ ಹದಗೆಟ್ಟವು, ಉಳಿದದ್ದು ಓದುವಂತಿತ್ತು.

ಖಾಸಗಿತನಕ್ಕೆ ಸಾಧನದೊಳಗಿನದೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಒಂದು ಮಾತು: ಒಳಗೇ ತಯಾರಾದ ಸಾರಾಂಶ ರಾತ್ರಿಯ ಬ್ಯಾಕಪ್‌ನಲ್ಲಿ ಕ್ಲೌಡ್ ಸೇರಿದರೆ ಆ ಲಾಭದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಎರಡರ ನಡುವಿನ ದಾರಿಯೂ ಉಂಟು; ಫೋನಿಗೆ ಮೀರಿದ ಎಐ ಕೆಲಸಗಳಿಗಾಗಿ ಇರುವ ತನ್ನ ಸರ್ವರ್ ವ್ಯವಸ್ಥೆ ಪ್ರೈವೇಟ್ ಕ್ಲೌಡ್ ಕಂಪ್ಯೂಟ್ ದತ್ತಾಂಶವನ್ನು ಉಳಿಸಿಕೊಳ್ಳುವುದಿಲ್ಲವೆಂದು ಆಪಲ್ ಹೇಳುವುದಷ್ಟೇ ಅಲ್ಲ, ಅದರ ತಂತ್ರಾಂಶವನ್ನು ಹೊರಗಿನ ತಜ್ಞರು ಪರೀಕ್ಷಿಸಲು ಅವಕಾಶವನ್ನೂ ಕೊಟ್ಟಿದೆ.

ನಿಮ್ಮ ಫೋನಿನ ಸೌಲಭ್ಯವೊಂದು ಎಲ್ಲಿ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿಕೊಂಡು ಪ್ರಯತ್ನಿಸಿ. ಕೆಲಸ ನಿಂತರೆ ಅದು ಹೊರಗಿನ ಸರ್ವರ್ ಅನ್ನು ನಂಬಿಕೊಂಡಿತ್ತೆಂದು ಅರ್ಥ. ನಡೆದರೆ ಒಳಗೆ ನಡೆಯಬಲ್ಲದು ಎಂದಷ್ಟೇ ಸಾಬೀತಾಗುತ್ತದೆ. ನೆಟ್ ಮರಳಿದ ಮೇಲೆ ಅದೇ ಸೌಲಭ್ಯ ಹೊರದಾರಿ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲೇ ಹುಡುಕಬೇಕು.